ಸಿಲ್ವರ್ ಮರದ ಊಟದ ಟೇಬಲ್: ನನ್ನ ಅನುಭವ

ಸಿಲ್ವರ್ ಓಕ್, ಅಂದರೆ ಕಾಫಿ ತೋಟದಲ್ಲಿ ನೆರಳಿಗೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಬೆಳೆಸುವ ಮರ, ಏನಿದ್ದರೂ ಪ್ಲೈವುಡ್‌ಗೆ, ಇಲ್ಲಾಂದ್ರೆ ಪ್ಯಾಕಿಂಗ್ ಪೆಟ್ಟಿಗೆಗೆ. ಮೂಡಿಗೆರೆ ಕಡೆ ಯಾವ ಮರಗೆಲಸದ ಆಚಾರ್ರನ್ನು ಕೇಳಿದರೂ ಇದೇ ಮಾತು. ನಮ್ಮ ಭಾವ ಅಂತೂ ಬಂದಾಗಲೆಲ್ಲ ನಗುತ್ತಿದ್ದರು. ಆ ಮರದ್ದೇ ಆರಡಿ ಟೇಬಲ್ ಈಗ ನಮ್ಮನೆಯಲ್ಲಿ ಎರಡು ಮಳೆಗಾಲ ದಾಟಿದೆ. ಎಲ್ಲೂ ಬಾಗಿಲ್ಲ, ಹುಳದ ತೂತು ಒಂದೂ ಇಲ್ಲ.

ತೇಗ ವಿಚಾರಿಸಿದ್ದೆ, ಸಿ.ಎಫ್.ಟಿ.ಗೆ (ಒಂದು ಘನ ಅಡಿಗೆ) 3,500 ರೂಪಾಯಿ ಮೇಲೆ ಹೇಳಿದರು. ತೋಟದಲ್ಲಿ ಮೆಣಸಿನ ಬಳ್ಳಿ ಸತ್ತು ಸುಮ್ನೆ ನಿಂತಿದ್ದ ಸಿಲ್ವರ್ ಮರಗಳಿದ್ದವು. ಸಿಲ್ವರ್ ಕಡಿಯಲು ಅರಣ್ಯ ಇಲಾಖೆ ಪರ್ಮಿಷನ್ ಬೇಕಿಲ್ಲ ಅನ್ನೋದು ನಿಮಗೂ ಗೊತ್ತಲ್ವಾ.

ಮೊದಲ ಲಾಟ್ ಪೂರ್ತಿ ಸೌದೆಯಾಯಿತು. ಕಾಫಿ ಕಣದ ಬಿಸಿಲಲ್ಲಿ ಒಣಗಿಸಿದ ಹಲಗೆಗಳ ತುದಿ ವಾರದೊಳಗೆ ಸೀಳಿತು, ನಡು ದೋಣಿ ಥರ ಬಾಗಿತು. ಉಳಿದ ನಾಲ್ಕಾರು ಹಲಗೆಗೆ ಮಳೆಗಾಲದಲ್ಲಿ ಹುಳ ಬಿದ್ದು ಹಿಟ್ಟು ಉದುರತೊಡಗಿತು. ಸಾಮಿಲ್ ಕೂಲಿ, ಪಿಕಪ್ ಬಾಡಿಗೆ ಸೇರಿ 6,000ದಷ್ಟು ಬಚ್ಚಲೊಲೆಗೆ ಹೋಯಿತು.

ಎರಡನೇ ಲಾಟಿಗೆ ಕೊಯ್ಸಿದ ದಿನವೇ ಔಷಧಿ ಹಾಕಿದೆ. ಬೋರಿಕ್ ಪುಡಿ 1 ಪಾಲು, ಬಿಳಿಗಾರ (ಬೋರಾಕ್ಸ್) ಒಂದೂವರೆ ಪಾಲು. ಬಿಸಿನೀರಲ್ಲಿ ಕರಗಿಸಿ, ಹಲಗೆ ಅದ್ದಿ, ಟಾರ್ಪಾಲಿನಲ್ಲಿ ಬಿಗಿಯಾಗಿ ಸುತ್ತಿ ಮೂರ್ನಾಲ್ಕು ವಾರ ಇಟ್ಟೆ. ಹಸಿ ಮರ ಆದರೆ ಔಷಧಿ ಒಳಗಿಳಿಯುತ್ತದೆ. ಒಣಗಿದ ಮೇಲೆ ಎಷ್ಟು ಬಳಿದರೂ ಮೇಲೇ ನಿಲ್ಲುತ್ತದೆ. ಆಮೇಲೆ ತುದಿಗಳಿಗೆ ಹಳೇ ಎನಾಮಲ್ ಪೇಂಟ್, ಹಲಗೆಗಳ ನಡುವೆ ಗಾಳಿಯಾಡಲು ಮುಕ್ಕಾಲಿಂಚಿನ ರೀಪರ್ ಪಟ್ಟಿ, ಮೇಲೆ ಸೈಜುಗಲ್ಲಿನ ಭಾರ, ಪೂರ್ತಿ ನೆರಳು. ಮರದ ತೇವ ಅಳೆಯುವ ಮಾಯಿಶ್ಚರ್ ಮೀಟರ್‌ಗೆ ದುಡ್ಡು ಹಾಕಲಿಲ್ಲ. ಅದೇ ಮರದ ಒಂದು ತುಂಡನ್ನು ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ, ಸ್ಟೋರ್ ರೂಮಿನ ಗೋಡೆ ಮೇಲೆ ಪೆನ್ಸಿಲಲ್ಲಿ ಬರೆಯುತ್ತಿದ್ದೆ. 900 ಗ್ರಾಂ ಆಸುಪಾಸು ಇದ್ದದ್ದು 500 ಚಿಲ್ಲರೆಗೆ ಬಂದು ನಿಂತಿತು, ತೂಕ ಇಳಿಯೋದು ನಿಂತರೆ ಗಾಳಿಗೆ ಒಣಗುವಷ್ಟು ಒಣಗಿತು ಅಂತ. ಹೆಂಡತಿಗೆ ಸಿಟ್ಟು, ಮೈದಾ ತೂಗಲು ಹೋದಾಗೆಲ್ಲ ಮರದ ಪುಡಿ. ಕೊನೆಗೆ ಹಲಗೆಗಳನ್ನು ಒಲೆ ಮೇಲಿನ ಅಟ್ಟಕ್ಕೆ ಏರಿಸಿದೆ. ಅಲ್ಲಿ ಎಷ್ಟು ದಿನ, ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ.

ದಿಮ್ಮಿಯನ್ನು ಮೊದಲು ನಾಲ್ಕು ಸೀಳು ಮಾಡಿ ಕೊಯ್ಸಿ. ವೇಸ್ಟ್ ಜಾಸ್ತಿ, ಸಾಮಿಲ್ಲಿನವರು ಗೊಣಗುತ್ತಾರೆ. ಆದರೆ ಹಲಗೆ ಬಾಗೋದು ಕಮ್ಮಿ, ಉಜ್ಜುಗೊರಡು ಹಾಕಿದಾಗ ಬರುವ ಹೊಳೆಯುವ ಚುಕ್ಕಿಗಳು ತೇಗದಲ್ಲಿ ಸಿಗಲ್ಲ. ಟೇಬಲ್ಲಿನ ಟಾಪನ್ನು ಫ್ರೇಮಿಗೆ ಅಂಟಿಸಬೇಡಿ. ಮೂರಡಿ ಅಗಲ ಬೇಸಿಗೆಗೂ ಮಳೆಗೂ ಕಾಲಿಂಚು ಹಿಗ್ಗಿ ಕುಗ್ಗಿ ಆಡುತ್ತದೆ. ಮರ ಆಡಲು ಜಾಗ ಇರುವಂತೆ ಉದ್ದ ತೂತು ಕೊರೆದು ಸ್ಕ್ರೂ ಹಾಕಿದರೆ ಸಾಕು. ಧೂಳು ಕೆಲವರಿಗೆ ತುರಿಕೆ ಬರಿಸುತ್ತದೆ, ತುಂಬು ತೋಳಿನ ಅಂಗಿ ಹಾಕಿ.

ಬಣ್ಣಕ್ಕೆ ಅಂತ ತುಕ್ಕು ಮೊಳೆ ನೆನೆಸಿದ ವಿನೆಗರ್ ಪ್ರಯೋಗವನ್ನೂ ಮಾಡಿದೆ. ಮೊದಲು ಕಾಫಿ ಡಿಕಾಕ್ಷನ್ ಬಳಿದು ಅದರ ಮೇಲೆ ಹಚ್ಚಿದರೆ ಕೊಳಕು ಬೂದಿ ಬಣ್ಣ. ಟೀ ಡಿಕಾಕ್ಷನ್ ಬಳಿದರೆ ಸೊಗಸಾದ ಕಪ್ಪು. ಕಾಫಿ ತೋಟದವನು ಇದನ್ನು ಬರೆಯೋದು ಕಷ್ಟವೇ! ಟೇಬಲ್‌ಗೆ ಅದನ್ನು ಹಚ್ಚಲಿಲ್ಲ, ಒಂದು ಸ್ಟೂಲಿಗೆ ಹಚ್ಚಿದೆ.

ಸುಟ್ಟ ಲಾಟೂ ಸೇರಿ ಖರ್ಚು 15,000ದ ಒಳಗೇ. ಭಾವನವರು ಈಗ ತಮ್ಮ ತೋಟದಲ್ಲಿ ಎರಡು ಸಿಲ್ವರ್ ಗುರುತು ಮಾಡಿಟ್ಟಿದ್ದಾರೆ. ಅಕ್ಕನಿಗೆ ಮಂಚ ಬೇಕಂತೆ. ಮರ ಅವರದು, ಕೂಲಿ ಮಾತ್ರ ಈ ಸಲ ಕೇಳೇ ಕೇಳುತ್ತೇನೆ.