ಚಪ್ಪಲಿ ಹುಡುಕುವ ಕಾಲು

ಒಬ್ಬ ನಟನ ಮೇಲೆ ಇಡೀ ಕಾಮಿಡಿ ಸಿನಿಮಾ ನಿಲ್ಲಿಸುತ್ತೇನೆ ಅಂದಾಗ ನಮ್ಮ ತಂಡದಲ್ಲೇ ಯಾರೂ ನಂಬಲಿಲ್ಲ. ಪಂಚ್ ಡೈಲಾಗ್ ಎಲ್ಲಿ ಅಂತ ಕೇಳಿದವರೇ ಜಾಸ್ತಿ. ಈಗ ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದನ್ನು ಕಣ್ಣಾರೆ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮಾಸ್ತರ್ ಕಂಪನಿ ನಾಟಕದವರು. ಬನಶಂಕರಿ ಜಾತ್ರೆಯಲ್ಲಿ ಅವರ ಹಾಸ್ಯಪಾತ್ರ ನೋಡಿ ಆವತ್ತು ರಾತ್ರಿಯೇ ಅಡ್ವಾನ್ಸ್ ಕೊಟ್ಟೆ. ಅವರಿಗೆ ಸಾಲ ಕೇಳುವ ಸೀನ್ ಬರೆದಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ, ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ದುಡ್ಡಿಲ್ಲ ಅಂತಾರೆ ಮನೆಯವರು. ‘ಪರವಾಗಿಲ್ಲ ಬಿಡಿ’ ಅಂತ ನಗುತ್ತಾ ಹಿಂದೆ ಹಿಂದೆ ನಡೆಯುತ್ತಾರೆ.

ಅದನ್ನು ನಾನು ಕ್ಲೋಸಪ್‌ನಲ್ಲಿ ತೆಗೆದೆ. ಮಾತು ಮಾತಿಗೂ ಕಟ್. ಆಮೇಲೆ ಡಬ್ಬಿಂಗ್, ಮೇಲೊಂದಿಷ್ಟು ‘ಟೊಯ್ಂಯ್’ ಸೌಂಡು. ಮೂರು ದಿನದ ಶೂಟಿಂಗು, ಸ್ಟುಡಿಯೋ ಎಲ್ಲ ಸೇರಿ ಎರಡೂವರೆ ಲಕ್ಷದ ಹತ್ತಿರ ಹೋಯಿತು. ಹತ್ತು ಜನರನ್ನು ಕೂರಿಸಿ ತೋರಿಸಿದರೆ ಒಬ್ಬರೂ ನಗಲಿಲ್ಲ. ಮಾಸ್ತರ್ ಮಾತ್ರ ಮೆಲ್ಲಗೆ ಅಂದರು: ‘ಸಾಹೇಬ್ರ, ನನ್ನ ಕಾಲ ಕಾಣವಲ್ವು. ಮಂದಿ ಯಾಕ ನಗ್ತಾರ?’

ಮತ್ತೆ ತೆಗೆದೆವು. 35 ಎಂಎಂ ಲೆನ್ಸ್, ಕ್ಯಾಮೆರಾ ಅಲ್ಲಾಡಲಿಲ್ಲ, ತಲೆಯಿಂದ ಪಾದದವರೆಗೆ ಒಂದೇ ಶಾಟ್. ಮುಖದಲ್ಲಿ ಮರ್ಯಾದೆ ಪೂರ್ತಿ ಇದೆ. ಕೆಳಗೆ ಬಲಗಾಲು ಚಪ್ಪಲಿ ಹುಡುಕುತ್ತಿದೆ. ಹೆಬ್ಬೆರಳು ತಡಕಾಡುತ್ತದೆ, ಚಪ್ಪಲಿ ಇನ್ನಷ್ಟು ದೂರ ಜಾರುತ್ತದೆ. ಕಾಲಿಗೆ ಗಾಬರಿ, ಮುಖಕ್ಕೆ ಅದರ ಸುದ್ದಿಯೇ ಗೊತ್ತಿಲ್ಲ. ಎರಡನ್ನೂ ಒಟ್ಟಿಗೆ ನೋಡಿದರೇ ನಗು. ಡಬ್ಬಿಂಗ್‌ನಲ್ಲಿ ಅವರ ಉಸಿರು ಸತ್ತುಹೋಗಿತ್ತು, ಹಾಗಾಗಿ ಸ್ಥಳದಲ್ಲೇ ಧ್ವನಿ ಹಿಡಿದೆವು. ದಿನಕ್ಕೆ ಹನ್ನೆರಡು ಸಾವಿರ ಜಾಸ್ತಿ ಬಿತ್ತು, ನನಗೆ ಬೇಸರವಿಲ್ಲ. ಎರಡನೇ ಅಥವಾ ಮೂರನೇ ಟೇಕ್‌ನಲ್ಲಿ ಸಿಕ್ಕಿಬಿಡಬೇಕು. ಐದು ದಾಟಿದರೆ ಎಂಥ ನಟರೂ ತಮ್ಮನ್ನೇ ನಕಲು ಮಾಡಲು ಶುರುಮಾಡುತ್ತಾರೆ.

ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಹಳೆಯ ಕನ್ನಡ ಸಿನಿಮಾಗಳ ನಟ ಬಾಲಣ್ಣನವರಿಗೆ (ಟಿ.ಎನ್. ಬಾಲಕೃಷ್ಣ) ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಿದ್ದರು. ಅವರು ಎದುರಿನವರನ್ನು ದಿಟ್ಟಿಸುವ ರೀತಿಯೇ ನನಗೆ ಪಾಠ. ನಮ್ಮ ಸೀನ್‌ನಲ್ಲಿ ‘ದುಡ್ಡಿಲ್ಲ’ ಅನ್ನುವ ಪಾತ್ರದ ಹುಡುಗ ತನ್ನ ಮಾತಿನ ಸರದಿಗೇ ಕಾಯುತ್ತಿದ್ದ. ಅವನ ಕಿವಿಗೆ ಹತ್ತಿ ಇಟ್ಟೆ. ಎರಡು ಟೇಕ್ ಹಾಳಾದವು. ಮೂರನೆಯದರಲ್ಲಿ ಅವನು ನಿಜವಾಗಿ ಮಾಸ್ತರ್ ಮುಖ ನೋಡತೊಡಗಿದ, ಸೀನ್‌ಗೆ ಜೀವ ಬಂತು. ಆ ಟೇಕ್‌ಗೆ ಮುಂಚೆ ಮಾಸ್ತರ್ ಕಿವಿಯಲ್ಲೂ ಒಂದು ಮಾತು ಹೇಳಿದ್ದೆ. ಅದನ್ನು ಇಲ್ಲಿ ಬರೆಯಲ್ಲ, ಮುಂದಿನ ಸಿನಿಮಾಕ್ಕೂ ಬೇಕು.

ಎಡಿಟಿಂಗ್‌ನಲ್ಲೂ ಜಗಳವಾಯಿತು. ಕಾಲು ನಿಂತು, ಮಾಸ್ತರ್ ನಿಧಾನ ಕೆಳಗೆ ನೋಡುವ ಮುಂಚೆ ಒಂದೂವರೆ ಸೆಕೆಂಡ್ ಏನೂ ಆಗುವುದಿಲ್ಲ. ಎಡಿಟರ್ ಅಲ್ಲಿ ಹದಿನಾಲ್ಕು ಫ್ರೇಮ್ ಕತ್ತರಿಸಿದ. ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎರಡೂ ಥರ ಮಾಡಿ ಧಾರವಾಡದಲ್ಲಿ ಬೇರೆ ಬೇರೆ ಗುಂಪಿಗೆ ತೋರಿಸಿದೆ. ಕತ್ತರಿಸಿದ್ದಕ್ಕೆ ಮುಗುಳ್ನಗೆ. ಬಿಟ್ಟಿದ್ದಕ್ಕೆ ಹಾಲ್ ಪೂರ್ತಿ ನಗು, ಮುಂದಿನ ಎರಡು ಮಾತು ಯಾರಿಗೂ ಕೇಳಿಸಲಿಲ್ಲ.

ಈಗ ಮಾಸ್ತರ್ ಸೀನ್ ಬಂದರೆ ಎಡಿಟರ್ ಮೊದಲು ನನಗೆ ಫೋನ್ ಮಾಡುತ್ತಾನೆ.