ಕ್ಯಾಕ್ಟಸ್ ಡೇರೆ: ಅಂಚಿನ ಸಾಲಿಗೆ ಒಂದು ಥರ, ಹೂದಾನಿಗೆ ಇನ್ನೊಂದು ಥರ

ಡೇರೆ, ಅಂದರೆ ಡೇಲಿಯಾ ಹೂವಿನ ಗೆಡ್ಡೆ ನೆಡುವ ಮೊದಲೇ ನಾನು ಒಂದು ವಿಷಯ ತೀರ್ಮಾನ ಮಾಡಿಕೊಳ್ಳುತ್ತೇನೆ. ಈ ಗಿಡ ಹೂದೋಟದ ಅಂಚಿನಲ್ಲಿ ನಿಂತು ಚಂದ ಕಾಣಬೇಕಾ, ಇಲ್ಲಾ ಹೂ ಕೊಯ್ದು ಹೂದಾನಿಗೆ ಇಡಬೇಕಾ? ಗೆಡ್ಡೆ ಅದೇ, ಮಣ್ಣೂ ಅದೇ, ಆದರೆ ಸಾಕುವ ರೀತಿ ಬೇರೆ. ಎರಡೂ ಕೆಲಸ ಒಂದೇ ಗಿಡದಿಂದ ಆಗಲಿ ಅಂತ ಹೊರಟರೆ ಅಂಚಿನಲ್ಲಿ ಬೋಳು ಗಿಡ, ಹೂದಾನಿಯಲ್ಲಿ ಗಿಡ್ಡ ದಂಟು, ಇಷ್ಟೇ ಉಳಿಯುತ್ತದೆ. ಅದಕ್ಕೇ ನನ್ನ ತೋಟದಲ್ಲಿ ಎರಡಕ್ಕೂ ಬೇರೆ ಬೇರೆ ಜಾಗ.

ಹೆಸರಲ್ಲಿ ಕ್ಯಾಕ್ಟಸ್ ಇದೆ ಅಂತ ಮುಳ್ಳು ಹುಡುಕಬೇಡಿ. ಕಳ್ಳಿಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಎಸಳು ಕಿರಿದಾಗಿ ಉದ್ದಕ್ಕಿರುತ್ತದೆ, ಅದರ ಎರಡೂ ಅಂಚು ಹಿಂದಕ್ಕೆ ಸುರುಳಿಕೊಂಡು ತುದಿ ಚೂಪಾಗಿರುತ್ತದೆ, ಹಾಗಾಗಿ ಆ ಹೆಸರು. ಎಸಳಿನ ಅರ್ಧಕ್ಕಿಂತ ಜಾಸ್ತಿ ಉದ್ದ ಸುರುಳಿದ್ದರೆ ಕ್ಯಾಕ್ಟಸ್, ಅರ್ಧಕ್ಕಿಂತ ಕಡಿಮೆ ಇದ್ದರೆ ಸೆಮಿ ಕ್ಯಾಕ್ಟಸ್. ಕೊಳ್ಳುವಾಗ ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ. ಎರಡನ್ನೂ ಒಂದೇ ರೀತಿ ಬೆಳೆಸಬಹುದು.

ತಳಿ ಆರಿಸುವಾಗ ಮಾತ್ರ ಎತ್ತರ ನೋಡಲೇಬೇಕು. ಅಂಚಿನ ಮುಂದಿನ ಸಾಲಿಗೆ ನನಗೆ ಇಷ್ಟವಾದದ್ದು ಪಾರ್ಕ್ ಪ್ರಿನ್ಸೆಸ್. ಗುಲಾಬಿ ಬಣ್ಣ, ಸುಮಾರು 2 ಅಡಿ ಎತ್ತರ, ಪೊದೆಯ ಹಾಗೆ ತುಂಬಿಕೊಳ್ಳುತ್ತದೆ. ಹೂದಾನಿಗೆ ಎತ್ತರದವು ಬೇಕು. ಕೆಂಪಿಗೆ ಡೋರಿಸ್ ಡೇ, ಬಿಳಿಗೆ ಮೈ ಲವ್, ಕಡುಗೆಂಪಿಗೆ ನ್ವಿ ದೆತೆ. ಈ ಕೊನೆಯದು ಕೈಯಲ್ಲಿ ಹಿಡಿದರೆ ಮಖಮಲ್ಲು. ಆದರೆ ತೋಟದಲ್ಲಿ ದೂರದಿಂದ ನೋಡಿದರೆ ಎಲೆಗಳ ನಡುವೆ ಕಪ್ಪಗೆ ಕಳೆದೇಹೋಗುತ್ತದೆ. ಅಂಚಿನಲ್ಲೇ ಬೇಕು ಅಂದರೆ ಪಕ್ಕದಲ್ಲಿ ತಿಳಿ ಬಣ್ಣದ್ದೊಂದು ಇರಲಿ. ಊಟದ ತಟ್ಟೆಯಷ್ಟು ದೊಡ್ಡ ಹೂ ಬಿಡುವ ತಳಿಗಳು ನನಗೆ ಅಷ್ಟಕ್ಕಷ್ಟೇ. ಮಳೆ ಬಿದ್ದ ಕೂಡಲೇ ತಲೆ ಬಾಗಿಸುತ್ತವೆ, ಹೂದಾನಿಯನ್ನೂ ಉರುಳಿಸುತ್ತವೆ. 4ರಿಂದ 6 ಇಂಚು ಅಗಲದ ಹೂವೇ ಕೈಗೂ ಕಣ್ಣಿಗೂ ಹಿತ.

ಗೆಡ್ಡೆ ಕೊಳ್ಳುವಾಗ ಗಾತ್ರ ನೋಡಿ ಮರುಳಾಗಬೇಡಿ, ಕುತ್ತಿಗೆ ನೋಡಿ. ಆಲೂಗಡ್ಡೆಯ ಹಾಗೆ ಇದಕ್ಕೆ ಮೈಯೆಲ್ಲಾ ಕಣ್ಣಿರುವುದಿಲ್ಲ. ಹಳೇ ಕಾಂಡಕ್ಕೆ ಗೆಡ್ಡೆ ಅಂಟಿಕೊಂಡಿರುವ ಜಾಗದಲ್ಲಿ ಮಾತ್ರ ಕಣ್ಣು. ಅಲ್ಲಿ ಸಣ್ಣ ಉಬ್ಬು, ಕೆಲವೊಮ್ಮೆ ನಸುಗೆಂಪು ಚುಕ್ಕೆ ಕಾಣುತ್ತದೆ. ಕುತ್ತಿಗೆ ಮುರಿದು ತೂಗಾಡುತ್ತಿದ್ದರೆ ಆ ಗೆಡ್ಡೆ ಎಷ್ಟೇ ದಪ್ಪಗಿರಲಿ, ಚಿಗುರುವುದಿಲ್ಲ. ಹೆಬ್ಬೆರಳಿನಷ್ಟು ಗೆಡ್ಡೆಗೆ ಒಂದು ಒಳ್ಳೇ ಕಣ್ಣಿದ್ದರೂ ಸಾಕು, ಪೂರ್ತಿ ಗಿಡ ಆಗುತ್ತದೆ. ಬೀಜದಿಂದಲೂ ಬೆಳೆಸಬಹುದು, ಅದೊಂದು ಮಜಾ, ಆದರೆ ತಾಯಿ ಗಿಡದ ಹೂವೇ ಬರುತ್ತದೆ ಅನ್ನುವ ಹಾಗಿಲ್ಲ.

ದಿನಕ್ಕೆ 6 ಗಂಟೆಯಾದರೂ ಬಿಸಿಲು ಬೀಳಬೇಕು, ನೀರು ನಿಲ್ಲಬಾರದು. ಮಣ್ಣು ಅಂಟಾಗಿದ್ದರೆ ಕೊಳೆತ ಗೊಬ್ಬರ ಬೆರೆಸಿ ಮಡಿ ಎತ್ತರಿಸಿಕೊಳ್ಳಿ. 4ರಿಂದ 6 ಇಂಚು ಆಳದಲ್ಲಿ, ಕಣ್ಣು ಮೇಲೆ ಬರುವ ಹಾಗೆ ಗೆಡ್ಡೆಯನ್ನು ಅಡ್ಡ ಮಲಗಿಸುತ್ತೇನೆ. ಎತ್ತರದ ತಳಿಗೆ 2 ಅಡಿ ಅಂತರ, ಗಿಡ್ಡದ್ದಕ್ಕೆ ಒಂದೂವರೆ ಅಡಿ. ಕೋಲನ್ನು ಅವತ್ತೇ ಊರಬೇಕು. ಗಿಡ ಬೆಳೆದ ಮೇಲೆ ಊರಲು ಹೋದರೆ ಅದು ನೇರ ಗೆಡ್ಡೆಗೇ ಚುಚ್ಚುತ್ತದೆ. ಆಮೇಲೆ ನೀರಿನ ಕ್ಯಾನ್ ಪಕ್ಕಕ್ಕಿಟ್ಟು ಸುಮ್ನೆ ಕಾಯುವುದು. ಮಣ್ಣಿನಲ್ಲಿ ಇರುವ ಪಸೆಯೇ ಸಾಕು. ಚಿಗುರು ಹೊರಬರುವ ಮೊದಲು ದಿನಾ ನೀರು ಹಾಕಿದರೆ ಗೆಡ್ಡೆ ಕೊಳೆಯುತ್ತದೆ, ಯಾಕೆಂದರೆ ಆ ನೀರು ಕುಡಿಯಲು ಬೇರೇ ಇನ್ನೂ ಬಂದಿರುವುದಿಲ್ಲ.

ಗಿಡ ಒಂದಡಿ ಬೆಳೆದು ನಾಲ್ಕು ಜೋಡಿ ಎಲೆ ಬಿಟ್ಟಾಗ ನಡು ಕುಡಿಯನ್ನು ಚಿವುಟಿ ಹಾಕುತ್ತೇನೆ. ಇಷ್ಟು ಚೆನ್ನಾಗಿ ಬೆಳೆದಿದ್ದನ್ನು ಚಿವುಟಲು ಮನಸ್ಸು ಬರುವುದಿಲ್ಲ, ಅಲ್ವಾ? ಆದರೂ ಚಿವುಟಿ. ಪ್ರತಿ ಎಲೆಯ ಬುಡದಿಂದ ಒಂದೊಂದು ಕವಲು ಏಳುತ್ತದೆ. ಎರಡೂ ಗುಂಪಿನ ದಾರಿ ಬೇರೆಯಾಗುವುದು ಇಲ್ಲಿಂದ. ಅಂಚಿನ ಗಿಡಗಳಿಗೆ ಆ ಕವಲುಗಳ ತುದಿಯನ್ನೂ ಒಮ್ಮೆ ಚಿವುಟುತ್ತೇನೆ, ಹೂ ಸ್ವಲ್ಪ ತಡವಾಗಿ ಬಂದರೂ ರಾಶಿ ರಾಶಿ ಬರುತ್ತದೆ, ಮೊಗ್ಗು ಒಂದನ್ನೂ ಕೀಳುವುದಿಲ್ಲ. ಹೂದಾನಿಯ ಗಿಡಕ್ಕೆ ಹಾಗಲ್ಲ. ಪ್ರತಿ ಕವಲಿನ ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗು ಇರುತ್ತವೆ: ನಡುವೆ ದೊಡ್ಡದು, ಅಕ್ಕಪಕ್ಕ ಎರಡು ಸಣ್ಣವು. ಸಣ್ಣವು ಬಟಾಣಿ ಕಾಳಿನಷ್ಟು ಆದಾಗ ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಟಕ್ ಅಂತ ಕಳಚುತ್ತವೆ. ಅದರ ಕೆಳಗಿನ ಒಂದು ಜೋಡಿ ಎಲೆ ಬುಡದಲ್ಲಿರುವ ಚಿಗುರುಗಳನ್ನೂ ತೆಗೆಯುತ್ತೇನೆ. ಉಳಿದ ಒಂದೇ ಹೂ ದೊಡ್ಡದಾಗಿ, ಉದ್ದ ದಂಟಿನ ಮೇಲೆ ನೆಟ್ಟಗೆ ನಿಲ್ಲುತ್ತದೆ.

ಗೊಬ್ಬರದ ಬಗ್ಗೆ ಹೇಳಬೇಕಾದದ್ದು ಒಂದೇ: ಸಾರಜನಕ ಕಡಿಮೆ, ಪೊಟ್ಯಾಷ್ ಜಾಸ್ತಿ. ಯೂರಿಯಾ ಸುರಿದರೆ ಎಲೆ ಕಡು ಹಸಿರಾಗಿ ಕೊಬ್ಬುತ್ತದೆ, ದಂಟು ಮೆತ್ತಗಾಗುತ್ತದೆ, ಗೆಡ್ಡೆಯೂ ಆಮೇಲೆ ಬಾಳುವುದಿಲ್ಲ.

ಹುಳದ ಕಾಟದಲ್ಲಿ ನನಗೆ ಜಾಸ್ತಿ ತೊಂದರೆ ಕೊಟ್ಟದ್ದು ನುಸಿ. ಒಣ ಸೆಕೆಯಲ್ಲಿ ಕೆಳಗಿನ ಎಲೆಗಳು ಕಂಚಿನ ಬಣ್ಣಕ್ಕೆ ತಿರುಗಿದರೆ ಎಲೆ ಮಗುಚಿ ನೋಡಿ, ಸಣ್ಣ ಬಲೆ ಇರುತ್ತದೆ. ಎಲೆಯ ಅಡಿಗೆ ನೀರು ಜೋರಾಗಿ ಹೊಡೆಯುವುದು, ಬುಡದಿಂದ ಒಂದಡಿಯವರೆಗಿನ ಎಲೆ ತೆಗೆದು ಗಾಳಿ ಆಡಲು ಬಿಡುವುದು, ಇವೆರಡೇ ನನ್ನ ಮದ್ದು. ಗಾಳಿ ಆಡಿದರೆ ಬೂದಿ ರೋಗವೂ ಕಡಿಮೆ. ಎಲೆಯ ನರಗಳ ಉದ್ದಕ್ಕೂ ಹಳದಿ ಬಿದ್ದು ಗಿಡ ಕುಗ್ಗಿದರೆ ಮಾತ್ರ ವೈರಸ್ ಇರಬಹುದು. ಅದಕ್ಕೆ ಮದ್ದಿಲ್ಲ. ಗಿಡಹೇನು ಅದನ್ನು ಪಕ್ಕದ ಗಿಡಕ್ಕೂ ಹರಡುತ್ತದೆ. ಗೆಡ್ಡೆ ಸಮೇತ ಕಿತ್ತು ಎಸೆಯಿರಿ, ಕತ್ತರಿಯನ್ನು ತೊಳೆಯಿರಿ.

ಇನ್ನು ಹೂ ಕೊಯ್ಯುವುದು. ಗುಲಾಬಿಯನ್ನು ಮೊಗ್ಗಿನಲ್ಲಿ ಕೊಯ್ದರೂ ಹೂದಾನಿಯಲ್ಲಿ ಅರಳುತ್ತದೆ. ಡೇರೆ ಕೊಯ್ದ ಮೇಲೆ ಹೆಚ್ಚು ಅರಳುವುದಿಲ್ಲ. ಮುಕ್ಕಾಲು ಭಾಗ ಬಿರಿದಾಗ, ನಡುವೆ ಇನ್ನೂ ಬಿಗಿ ಇರುವಾಗ ಕೊಯ್ಯಬೇಕು. ಹೂವಿನ ಮುಖ ನೋಡಬೇಡಿ, ತಿರುಗಿಸಿ ಬೆನ್ನು ನೋಡಿ. ಹಿಂದಿನ ಸಾಲಿನ ಎಸಳು ಬಾಡಿ ತೆಳ್ಳಗೆ ಕಾಗದದಂತಾಗಿದ್ದರೆ ಅದು ಆಗಲೇ ಮುದಿಯಾಗಿದೆ, ಗಿಡದಲ್ಲೇ ಇದ್ದರೂ ನಾಳೆ ಉದುರುವುದೇ. ಕ್ಯಾಕ್ಟಸ್ ಎಸಳಿನ ಚೂಪು ತುದಿ ಬೇಗ ಕಪ್ಪಾಗುತ್ತದೆ, ಅದಕ್ಕೆ ಬುಟ್ಟಿಯಲ್ಲಿ ಒಂದರ ಮೇಲೊಂದು ಹೇರುವುದಿಲ್ಲ. ಬೆಳಗಿನ ತಂಪಿನಲ್ಲೇ ಬಕೆಟ್ ಒಯ್ದು ಕೊಯ್ದ ತಕ್ಷಣ ನೀರಿಗೆ ಇಳಿಸುತ್ತೇನೆ.

ಎಷ್ಟು ಉದ್ದ ಕೊಯ್ಯಬೇಕು? ಒಂದೂವರೆ ಅಡಿ, ಧೈರ್ಯವಾಗಿ. ಒಂದು ಜೋಡಿ ಎಲೆಯ ಸ್ವಲ್ಪ ಮೇಲೆ, ಆಳಕ್ಕೆ ಇಳಿದು ಕತ್ತರಿಸಿ. ಜೊತೆಗೆ ಒಂದೆರಡು ಎಳೆ ಮೊಗ್ಗು ಹೋಗುತ್ತದೆ, ಹೋಗಲಿ. ಮೇಲಿನಿಂದ ಗಿಡ್ಡವಾಗಿ ಕಿತ್ತರೆ ಮುಂದಿನ ಹೂಗಳೂ ಗಿಡ್ಡ ದಂಟಿನವೇ. ಕೆಳಗಿನಿಂದ ಕತ್ತರಿಸಿದಾಗ ಬುಡದ ಗಿಣ್ಣಿನಿಂದ ಹೊಸ ಕವಲು ಬಂದು ಉದ್ದ ದಂಟು ಸಿಗುತ್ತದೆ. ಮನೆಯೊಳಗೆ 70ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಿನಲ್ಲಿ ದಂಟಿನ ಬುಡದ 2-3 ಇಂಚು ಮಾತ್ರ ಮುಳುಗಿಸಿ, ನೀರು ತಾನಾಗಿ ಆರುವವರೆಗೆ ಒಂದು ಗಂಟೆ ಬಿಡುತ್ತೇನೆ. ಕೇಳಿದರೆ ವಿಚಿತ್ರ ಅನಿಸಬಹುದು, ಆದರೆ ಹೂ ನೆಟ್ಟಗೆ ನಿಲ್ಲುತ್ತದೆ. ದಿನಾ ನೀರು ಬದಲಿಸಿದರೆ 4ರಿಂದ 6 ದಿನ ಇರುತ್ತದೆ. ಅದಕ್ಕಿಂತ ಜಾಸ್ತಿ ಡೇರೆಯಿಂದ ನಿರೀಕ್ಷೆ ಮಾಡಬೇಡಿ.

ಅಂಚಿನ ಗಿಡದಲ್ಲಿ ಕೊಯ್ಲಿಲ್ಲ, ಆದರೆ ಬಾಡಿದ್ದನ್ನು ತೆಗೆಯುತ್ತಲೇ ಇರಬೇಕು. ಎಸಳು ಉದುರಿದ ಹೂವೂ ಹೊಸ ಮೊಗ್ಗೂ ನೋಡಲು ಒಂದೇ ಥರ. ಹೊಸ ಮೊಗ್ಗು ಗುಂಡಗೆ ಗಟ್ಟಿ ಇರುತ್ತದೆ. ಬಾಡಿದ್ದು ಚೂಪಾಗಿ, ಹಿಸುಕಿದರೆ ಮೆತ್ತಗೆ, ಒಳಗಿನಿಂದ ಕಂದು ನೀರು ಬರುತ್ತದೆ. ಅದನ್ನು ಬಿಟ್ಟರೆ ಗಿಡ ಬೀಜ ಕಟ್ಟುವುದಕ್ಕೆ ಹೊರಡುತ್ತದೆ, ಹೂ ಕಡಿಮೆಯಾಗುತ್ತದೆ.

ಹಿಮ ಬೀಳುವ ಕಡೆ, ಇಲ್ಲಾ ನೆಲ ಸದಾ ಒದ್ದೆಯಿರುವ ಕಡೆ ಗೆಡ್ಡೆಯನ್ನು ಕಿತ್ತು ಇಡಲೇಬೇಕು. ಗಿಡ ಒಣಗಿದ ಮೇಲೆ ಕಾಂಡವನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಸುತ್ತ ಅಗಲವಾಗಿ ಅಗೆದು ಕೆಳಗಿನಿಂದ ಎತ್ತಬೇಕು. ಕಾಂಡ ಹಿಡಿದು ಎಳೆದರೆ ಕುತ್ತಿಗೆಗಳು ಮುರಿಯುತ್ತವೆ. ಒಣ ಮರದಪುಡಿಯಲ್ಲಿ, 5ರಿಂದ 10 ಡಿಗ್ರಿಯ ತಂಪಿನಲ್ಲಿ ಇಟ್ಟು ಆಗಾಗ ಮುಟ್ಟಿ ನೋಡುತ್ತೇನೆ: ಸುಕ್ಕಾದರೆ ಒಂದು ಚೂರು ನೀರು ಚಿಮುಕಿಸಿ, ಮೆತ್ತಗಾದರೆ ಆ ತುಂಡು ಕೊಯ್ದು ಎಸೆಯಿರಿ. 1872ರಲ್ಲಿ ಮೆಕ್ಸಿಕೋದಿಂದ ನೆದರ್ಲೆಂಡ್ಸ್‌ಗೆ ಬಂದ ಪೆಟ್ಟಿಗೆಯಲ್ಲಿ ಉಳಿದವೆಲ್ಲ ಕೊಳೆತು ಒಂದೇ ಗೆಡ್ಡೆ ಬದುಕಿತ್ತಂತೆ. ಅದರಲ್ಲಿ ಬಿಟ್ಟ ಕೆಂಪು ಹೂವಿಗೆ ಮೆಕ್ಸಿಕೋದ ಅಧ್ಯಕ್ಷ ಹುವಾರೆಸ್ ಹೆಸರಿಟ್ಟರು, ಕ್ಯಾಕ್ಟಸ್ ಡೇರೆಗಳ ವಂಶ ಅಲ್ಲಿಂದ ಶುರು. ಹಾಗಾಗಿ ಅರ್ಧ ಗೆಡ್ಡೆ ಕೊಳೆತರೂ ಪೂರ್ತಿ ಪೆಟ್ಟಿಗೆ ಎಸೆಯಬೇಡಿ. ತಳಿಯ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟರೆ ಅದು ಎಲ್ಲೋ ಬಿದ್ದುಹೋಗುತ್ತದೆ, ಒರೆಸಿದ ಗೆಡ್ಡೆಯ ಮೈಮೇಲೇ ಮಾರ್ಕರಿನಿಂದ ಬರೆದುಬಿಡಿ.