ಕಪ್ಪುಕುಳಿಯ ಚಿತ್ರವೂ ಮಣಿಪಾಲದ ಮಳೆಯೂ

ಕಳೆದ ಮಳೆಗಾಲದಲ್ಲಿ ಉಡುಪಿಯ ಮನೆಯಲ್ಲಿ ಕೂತು ಕಪ್ಪುಕುಳಿಯ, ಅಂದರೆ ಬೆಳಕನ್ನೂ ಬಿಡದೆ ನುಂಗುವ ಬ್ಲ್ಯಾಕ್ ಹೋಲ್‌ನ, ಚಿತ್ರ ಮಾಡಲು ಹೊರಟೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. 1979ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಲ್ಯುಮಿನೆ ಎಂಬವರು ಕಂಪ್ಯೂಟರ್ ಕೊಟ್ಟ ಲೆಕ್ಕ ಇಟ್ಟುಕೊಂಡು, ಕೈಯಾರೆ ಶಾಯಿಯ ಚುಕ್ಕಿ ಇಟ್ಟು ಇಂಥದ್ದೇ ಚಿತ್ರ ಬರೆದಿದ್ದರು. ನನಗೆ ಅಷ್ಟು ತಾಳ್ಮೆ ಇಲ್ಲ.

ಉಪಾಯ ಸುಲಭ. ಬೆಳಕನ್ನು ಹಿಂದಕ್ಕೆ ಓಡಿಸಬೇಕು. ಕ್ಯಾಮೆರಾದಿಂದ ಹೊರಟ ಕಿರಣ ಕುಳಿಯ ಸೆಳೆತಕ್ಕೆ ಬಗ್ಗಿ, ಅದರ ಸುತ್ತ ತಿರುಗುವ ಬಿಸಿ ಅನಿಲದ ತಟ್ಟೆಗೆ ಎಲ್ಲಿ ತಾಗುತ್ತದೆ ಅಂತ ನೋಡಬೇಕು. 400ಕ್ಕೆ 400 ಚಿತ್ರ ಅಂದರೆ 1,60,000 ಕಿರಣ. ಹಳೇ ಲ್ಯಾಪ್‌ಟಾಪ್ ರಾತ್ರಿಯಿಡೀ ಫ್ಯಾನ್ ಊದಿತು. ಆಮೇಲೆ ತಲೆಗೆ ಹೋಯಿತು: ತಿರುಗದ ಕುಳಿ ಎಲ್ಲ ಕಡೆಯಿಂದಲೂ ಒಂದೇ ಥರ ಅಲ್ವಾ? ಹಾಗಾದರೆ 2,000 ದಾರಿ ಲೆಕ್ಕ ಹಾಕಿಟ್ಟರೆ ಸಾಕು, ಉಳಿದದ್ದೆಲ್ಲ ಅವನ್ನೇ ತಿರುಗಿಸಿ ಬಳಸುವುದು. ಚಹಾ ಮುಗಿಯುವುದರೊಳಗೆ ಚಿತ್ರ ರೆಡಿ. ಒಂದೇ ಎಚ್ಚರಿಕೆ: ಕುಳಿಯ ತ್ರಿಜ್ಯದ ಸುಮಾರು 2.6 ಪಟ್ಟು ದೂರಕ್ಕೆ ಗುರಿಯಿಟ್ಟ ಕಿರಣಗಳ ಹತ್ತಿರ ದಾರಿಗಳು ಒತ್ತೊತ್ತಾಗಿರಬೇಕು. ಅದಕ್ಕಿಂತ ಒಳಗಿನವು ಕುಳಿಗೇ ಬೀಳುತ್ತವೆ. ಅಂಚಿನವು ಸುತ್ತು ಹೊಡೆಯುತ್ತವೆ.

ಕ್ಯಾಮೆರಾವನ್ನು ತಟ್ಟೆಗಿಂತ 10 ಡಿಗ್ರಿ ಮೇಲಿಟ್ಟೆ. ತಟ್ಟೆಯ ಹಿಂಭಾಗ ಕುಳಿಯ ತಲೆ ಮೇಲೆ ಕಮಾನಾಗಿ ಎದ್ದು ನಿಂತಿತು. ಅಮ್ಮ ಇಣುಕಿ, "ಎಂತ ಅದು, ಕೇದಗೆ ಮುಂದಲೆಯಾ?" ಅಂದರು. ಯಕ್ಷಗಾನ ನೋಡಿದ ಕಣ್ಣಿಗೆ ಅದು ವೇಷದ ಆ ತಲೆಯುಡುಗೆಯ ಹಾಗೆ ಕಂಡದ್ದು ತಪ್ಪೇನಲ್ಲ.

ತಲೆ ಕೆಟ್ಟದ್ದು ಧ್ರುವೀಕರಣದಲ್ಲಿ. ಬೆಳಕಿನ ಅಲೆ ಯಾವ ಕಡೆಗೆ ಅಲುಗುತ್ತದೆ ಅನ್ನುವ ಲೆಕ್ಕ ಅದು. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳ ಬೆಳಕು ಕ್ಷೇತ್ರಕ್ಕೆ ಅಡ್ಡವಾಗಿ ಅಲುಗುತ್ತದೆ. ಬಗ್ಗಿದ ದಾರಿಯಲ್ಲಿ ಆ ದಿಕ್ಕನ್ನು ಹೊತ್ತು ತರುವುದು ಕಷ್ಟ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಕಿರಣ ಬಗ್ಗುವುದು ಒಂದೇ ಸಮತಲದಲ್ಲಿ, ಆ ಸಮತಲಕ್ಕೂ ಅಲುಗುವ ದಿಕ್ಕಿಗೂ ಇರುವ ಕೋನ ಕೊನೆಯವರೆಗೂ ಬದಲಾಗುವುದಿಲ್ಲ.

ಕಾಂತಕ್ಷೇತ್ರವನ್ನು ನೆಟ್ಟಗೆ ನಿಲ್ಲಿಸಿ, ಸರಿ ಮೇಲಿನಿಂದ ನೋಡಿದೆ. ಅಲುಗುವ ದಿಕ್ಕು ತೋರಿಸುವ ಗೆರೆಗಳು ಬಳೆಯ ಹಾಗೆ ದುಂಡಗೆ ಬಂದವು. ಆದರೆ 2021ರ ಮಾರ್ಚ್‌ನಲ್ಲಿ ಬಂದ, ಎಂ87 ಎಂಬ ನಕ್ಷತ್ರಪುಂಜದ (ಗೆಲಾಕ್ಸಿಯ) ನಡುವಿನ ಕುಳಿಯ ಅಸಲಿ ಚಿತ್ರದಲ್ಲಿ ಗೆರೆಗಳು ಸುಳಿಯಂತಿವೆ. ಎರಡು ದಿನ ಸೈನ್, ಕೊಸೈನ್ ಬದಲಾಯಿಸಿದ್ದೇ ಬಂತು.

ಮೂರನೇ ದಿನ ಸ್ಕೂಟರಿನಲ್ಲಿ ಮಣಿಪಾಲಕ್ಕೆ ಹೊರಟಿದ್ದೆ. ಗಾಳಿ ಇಲ್ಲ, ಮಳೆ ನೆಟ್ಟಗೆ ಸುರಿಯುತ್ತಿತ್ತು. ಆದರೂ ಹನಿಯೆಲ್ಲ ಮುಖಕ್ಕೇ. ಸಿಗ್ನಲ್‌ನಲ್ಲಿ ನಿಂತೆ, ಹೆಲ್ಮೆಟ್ ಮೇಲೆ ಬಿತ್ತು. ಮತ್ತೆ ಹೊರಟೆ, ಮತ್ತೆ ಮುಖಕ್ಕೆ. ಅಲ್ಲೇ ತಪ್ಪು ಸಿಕ್ಕಿತು. ತಟ್ಟೆಯ ಒಳ ಅಂಚಿನ ಅನಿಲ ಬೆಳಕಿನ ಅರ್ಧ ವೇಗದಲ್ಲಿ ಓಡುತ್ತದೆ. ಬೆಳಕು ಯಾವ ದಿಕ್ಕಿಗೆ ಹೊರಟಿತು ಅಂತ ಆ ಓಡುವ ಅನಿಲವನ್ನೇ ಕೇಳಬೇಕಿತ್ತು. ನಾನು ನಿಂತವನ ಲೆಕ್ಕ ಹಾಕಿದ್ದೆ. ಹೊಳಪಿಗೆ ವೇಗ ಸೇರಿಸಿದ್ದೆ, ದಿಕ್ಕಿಗೆ ಮರೆತಿದ್ದೆ.

ನಾಲ್ಕು ಸಾಲು ಸೇರಿಸಿದ ಮೇಲೆ ಬಳೆಗಳು ತಿರುಚಿ ಸುಳಿಯಾದವು. ಎಂ87ಕ್ಕೆ ಹೊಂದುವಂತೆ ಕ್ಯಾಮೆರಾವನ್ನು 17 ಡಿಗ್ರಿ ವಾಲಿಸಿದೆ. ಅಸಲಿ ಚಿತ್ರದ ಪಡಿಯಚ್ಚು ಅನ್ನಲಾರೆ, ಹೋಲಿಕೆಯಂತೂ ಇದೆ.

ಈಗ ತಿರುಗುವ ಕುಳಿ ಹಿಡಿದಿದ್ದೇನೆ. ಅಲ್ಲಿ 2,000 ದಾರಿಯ ಉಪಾಯ ನಡೆಯುವುದಿಲ್ಲ. ಲ್ಯಾಪ್‌ಟಾಪ್ ಮತ್ತೆ ರಾತ್ರಿಯಿಡೀ ಊದುತ್ತಿದೆ.